ನೊಳಂಬರ ಎರಡು ಮರಣಗಳು

ತಲಕಾಡಿನ ಗಂಗರ ದೊರೆ ಇಮ್ಮಡಿ ಮಾರಸಿಂಹನು (ಆಳ್ವಿಕೆ 963ರಿಂದ 974) ಹೊತ್ತ ಬಿರುದುಗಳಲ್ಲಿ ‘ನೊಳಂಬಕುಲಾಂತಕ’ ಎಂಬುದು ಅವನ ಹೆಸರಿನ ಜಾಗದಲ್ಲಿಯೇ ನಿಲ್ಲುವಷ್ಟು ಪ್ರಸಿದ್ಧವಾಗಿತ್ತು. ನೊಳಂಬರ ಕುಲಕ್ಕೆ ಅಂತಕನಾದವನು, ಅಂದರೆ ಆ ವಂಶದ ಪಾಲಿಗೆ ಯಮನಾದವನು ಎಂಬುದು ಅದರ ಅರ್ಥ. ಬಿರುದನ್ನು ಅಕ್ಷರಶಃ ನಂಬುವುದಾದರೆ, ಇಂದಿನ ಹಿಂದೂಪುರ, ಮಡಕಶಿರಾ, ಕಲ್ಯಾಣದುರ್ಗಗಳ ಸೀಮೆಯನ್ನು ಒಡಲಾಗಿಸಿಕೊಂಡು ಎರಡು ಶತಮಾನಗಳಿಗೂ ಮಿಕ್ಕಿ ಬಾಳಿದ ನೊಳಂಬ ಮನೆತನವು 974ರ ಒಳಗೆ ಹೆಸರಿಲ್ಲದಂತೆ ಅಳಿದಿರಬೇಕು. ಆದರೆ ಆ ನಂತರದ ಕನ್ನಡ ಶಾಸನಗಳಲ್ಲಿ, ಸತ್ತರೆಂದು ಸಾರಲಾದ ಇದೇ ಜನ ಇನ್ನೂ ಸುಮಾರು ಎಂಬತ್ತು ವರ್ಷ ದಾನ ಕೊಡುತ್ತ, ದೊಡ್ಡ ಮನೆಗಳೊಡನೆ ನಂಟು ಬೆಳೆಸುತ್ತ, ಒಡೆಯನ ದಂಡಿನೊಡನೆ ಯುದ್ಧಕ್ಕೆ ಹೋಗುತ್ತ ಕಾಣಿಸಿಕೊಳ್ಳುತ್ತಾರೆ. ಅವರು ನಿಜವಾಗಿ ಮರೆಯಾದದ್ದು ಯಾವಾಗ ಎಂಬುದನ್ನು ಕಂಡುಕೊಳ್ಳಲು ಗೆದ್ದವರ ಬಿರುದುಗಳಿಗಿಂತ ಬೇರೆ ಬಗೆಯ ಸುಳಿವುಗಳನ್ನು ಹಿಡಿಯಬೇಕಾಗುತ್ತದೆ.

ಸತ್ತನೆಂದು ಎಲ್ಲರೂ ತಿಳಿದ ಪಾತ್ರ ಬದುಕಿರುವುದು ಕನ್ನಡ ಕಾವ್ಯದ ಓದುಗರಿಗೆ ಹೊಸ ಸಂಗತಿಯೇನಲ್ಲ. ನೊಳಂಬರು ಹೆಂಜೇರಿನಲ್ಲಿ ಆಳುತ್ತಿದ್ದ ಕಾಲದಲ್ಲಿಯೇ, 941ರಲ್ಲಿ, ಪಂಪನು ಮುಗಿಸಿದ ಭಾರತಕಥೆಯಲ್ಲಿ ಪಾಂಡವರು ಅರಗಿನ ಮನೆಯಲ್ಲಿ ಬೆಂದುಹೋದರೆಂದು ಹಸ್ತಿನಾವತಿ ನಂಬುತ್ತದೆ. ಬೂದಿಯಲ್ಲಿ ಸಿಕ್ಕಿದ ಹೆಣಗಳು ಬೇಡಿತಿಯೊಬ್ಬಳದೂ ಅವಳ ಐವರು ಮಕ್ಕಳದೂ ಎಂಬುದು ಕೇಳುಗರಿಗೆ ಗೊತ್ತು, ಕೌರವರಿಗೆ ಗೊತ್ತಿಲ್ಲ. ರನ್ನನ ಗದಾಯುದ್ಧದಲ್ಲಿ ಕುರುಕ್ಷೇತ್ರದಿಂದ ಕಾಣೆಯಾದ ದುರ್ಯೋಧನನು ವೈಶಂಪಾಯನ ಸರೋವರದ ನೀರಿನೊಳಗೆ ಉಸಿರು ಹಿಡಿದುಕೊಂಡಿರುತ್ತಾನೆ. ಹದಿನಾರನೆಯ ಶತಮಾನದ ನಂಜುಂಡ ಕವಿ ಸಾಂಗತ್ಯದಲ್ಲಿ, ಎಂದರೆ ಹಾಡಲು ಒಗ್ಗುವ ದೇಸೀ ಛಂದಸ್ಸಿನಲ್ಲಿ, ಹೇಳಿದ ಕುಮಾರರಾಮನ ಕಥೆ ಇವೆರಡಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗುತ್ತದೆ: ಮಲತಾಯಿ ರತ್ನಾಜಿಯ ಮಾತು ನಂಬಿ ಮಗನ ತಲೆ ತರಲು ಕಂಪಿಲರಾಯ ಅಪ್ಪಣೆ ಕೊಟ್ಟಾಗ, ಮಂತ್ರಿ ಬೈಚಪ್ಪನು ರಾಮನನ್ನು ನೆಲಮಾಳಿಗೆಯಲ್ಲಿ ಅಡಗಿಸಿ ಬೇರೊಬ್ಬನ ತಲೆಯನ್ನು ತೋರಿಸುತ್ತಾನೆ, ದೆಹಲಿಯ ದಂಡು ಕೋಟೆಗೆ ಮುತ್ತಿಗೆ ಹಾಕಿ, ರಾಯನು ಮಗನಿಲ್ಲವಲ್ಲ ಎಂದು ಮರುಗುವಾಗ ಸತ್ತವನು ಹೊರಗೆ ಬರುತ್ತಾನೆ. ಇಂತಹ ಕಥೆಗಳನ್ನು ಕೇಳಿ ಬೆಳೆದವರು ಮರಣದ ಸುದ್ದಿ ಬಂದೊಡನೆ ಎರಡು ಪ್ರಶ್ನೆ ಕೇಳಲು ಕಲಿತಿರುತ್ತಾರೆ: ಸುದ್ದಿ ತಂದವರು ಯಾರು, ಆ ಸಾವಿನಿಂದ ಅವರಿಗೇನು ಲಾಭ? 1893ರಲ್ಲಿ ಜಲಪಾತಕ್ಕೆ ಬಿದ್ದನೆಂದು ಕಾನನ್ ಡಾಯ್ಲ್ ಬರೆದ ಷರ್ಲಾಕ್ ಹೋಮ್ಸ್ 1903ರಲ್ಲಿ ಮರಳಿ ಬಂದುದನ್ನು ಕಂಡ ಓದುಗರೂ, ಇಂದಿನ ಮಾಯಾಲೋಕದ ಕಾದಂಬರಿಗಳಲ್ಲಿ ಹೆಣ ಕಾಣದ ವೀರನಿಗಾಗಿ ಪುಟ ತಿರುವುವವರೂ ಕೇಳುವುದು ಇದನ್ನೇ. ನೊಳಂಬರ ಚರಿತ್ರೆಗೂ ಇವೇ ಪ್ರಶ್ನೆಗಳು ಸಲ್ಲುತ್ತವೆ.

ನೊಳಂಬರ ರಾಜಧಾನಿ ಹೆಂಜೇರು, ಹಳೆಯ ರೂಪದಲ್ಲಿ ಪೆಂಜೇರು, ಈಗ ಹೇಮಾವತಿ ಎಂದು ಕರೆಯಲ್ಪಡುವ ಸಣ್ಣ ಊರು. ಅದು ಆಂಧ್ರಪ್ರದೇಶದ ಅಮರಾಪುರಂ ಮಂಡಲದಲ್ಲಿ, ಕರ್ನಾಟಕದ ಶಿರಾ ತಾಲೂಕಿಗೆ ಅಂಟಿಕೊಂಡಂತಿದೆ. ಬಳ್ಳಾರಿಯಿಂದ 1882ರಲ್ಲಿ ಬೇರ್ಪಟ್ಟ ಅನಂತಪುರ ಜಿಲ್ಲೆಗೆ ಸೇರಿದ್ದ ಈ ಭಾಗ 2022ರಲ್ಲಿ ಹಿಂದೂಪುರದೊಂದಿಗೆ ಹೊಸ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು, ಕಲ್ಯಾಣದುರ್ಗ ಅನಂತಪುರದಲ್ಲಿಯೇ ಉಳಿಯಿತು. ಹಿಂದೂಪುರಕ್ಕೆ ಬರುವ ಪ್ರವಾಸಿಗಳು ಬಹುಪಾಲು ಲೇಪಾಕ್ಷಿಯ ನಂದಿಯನ್ನೂ ಚಾವಣಿಯ ಚಿತ್ರಗಳನ್ನೂ ನೋಡಿ ಮರಳುತ್ತಾರೆ. ಅದಕ್ಕಿಂತ ಆರು ಶತಮಾನ ಹಳೆಯದಾದ ಹೇಮಾವತಿಯ ಕಪ್ಪು ಕಲ್ಲಿನ ಕೆಲಸಕ್ಕೆ ಸಿಗಬೇಕಾದ ಗಮನ ಇನ್ನೂ ಸಿಕ್ಕಿಲ್ಲ. ಅಲ್ಲಿನ ದೊಡ್ಡೇಶ್ವರ ದೇವಾಲಯದ ಎದುರಿನ ಭಾರಿ ನಂದಿ, ಗೋಡೆಗೆ ಕೂರಿಸಿದ ಜಾಲಂಧ್ರಗಳು (ಬೆಳಕು ಗಾಳಿ ಹಾಯಲು ಕಲ್ಲಿನಲ್ಲಿ ಕೊರೆದ ಕಿಟಕಿಗಳು), ಅವುಗಳ ಬಳ್ಳಿಯ ಸುರುಳಿಯೊಳಗೆ ಕುಣಿಯುವ ದೇವತೆಗಳು, ಕನ್ನಡಿಯಂತೆ ನಯಗೊಳಿಸಿದ ಕಂಬಗಳು ಒಂದು ಸಣ್ಣ ಸಾಮಂತ ಮನೆತನ ತನ್ನ ಅಳತೆಗೆ ಮೀರಿ ಕಂಡ ಕನಸನ್ನು ತೋರಿಸುತ್ತವೆ. ಸಿದ್ಧೇಶ್ವರ ದೇವಾಲಯದಲ್ಲಿ ಲಿಂಗದ ಬದಲು ಕುಳಿತ ಶಿವನ ಮೂರ್ತಿಗೆ ಪೂಜೆ ಸಲ್ಲುವುದು ಈ ಸೀಮೆಯಲ್ಲಿ ಅಪರೂಪ. ಊರಿನ ಹಳೆಯ ಹೆಸರು ಕಡತಗಳಿಂದ ಹೋದರೂ ಹೆಂಜೇರಪ್ಪ ಎಂಬ ದೇವರ ಹೆಸರಿನಲ್ಲಿ ಉಳಿದುಕೊಂಡಿದೆ. ಡಗ್ಲಸ್ ಬ್ಯಾರೆಟ್ 1958ರಲ್ಲಿ ಹೇಮಾವತಿಯ ಬಗ್ಗೆ ಪುಸ್ತಕ ಬರೆದ ಮೇಲೆ, ಮದರಾಸು ಸರ್ಕಾರಿ ವಸ್ತುಸಂಗ್ರಹಾಲಯ ಸೇರಿದ್ದ ನೊಳಂಬ ಶಿಲ್ಪಗಳ ಕುರಿತು ಸಿ. ಶಿವರಾಮಮೂರ್ತಿ ಬರೆದ ಮೇಲೆ, ಕಲೆಯ ಚರಿತ್ರೆಯಲ್ಲಿ ನೊಳಂಬರಿಗೆ ಪ್ರತ್ಯೇಕ ಅಧ್ಯಾಯ ದೊರೆಯಿತು.

ಇಲ್ಲಿ ಸಿಕ್ಕಿದ ಒಂದು ಕಂಬದ ಶಾಸನ ಈ ಮನೆತನಕ್ಕೆ ವಂಶಾವಳಿಯನ್ನು ಒದಗಿಸುತ್ತದೆ. ಅದು ಮೂರು ಕಣ್ಣಿನ ಪಲ್ಲವ, ಅಂದರೆ ತ್ರಿನಯನ ಪಲ್ಲವ ಎಂಬ ಪುರಾಣಪುರುಷನಿಂದ ಆರಂಭಿಸಿ, ಮಂಗಳ ನೊಳಂಬಾಧಿರಾಜ, ಸಿಂಹಪೋತ, ಚಾರುಪೊನ್ನೇರ, ಪೊಳಲ್ಚೋರ, ಮಹೇಂದ್ರ, ನನ್ನಿಗ ಎಂಬ ಇನ್ನೊಂದು ಹೆಸರುಳ್ಳ ಅಯ್ಯಪದೇವ, ಅವನ ಮಕ್ಕಳಾದ ಅಣ್ಣಿಗ ಮತ್ತು ದಿಲೀಪ ಎಂದು ಸಾಗುತ್ತದೆ. ಕಂಚಿಯ ಪಲ್ಲವರೊಡನೆ ಇವರಿಗೆ ನಿಜವಾಗಿ ರಕ್ತಸಂಬಂಧವಿತ್ತೇ ಎಂಬ ಚರ್ಚೆಗೆ ಇಲ್ಲಿ ಹೋಗಬೇಕಾಗಿಲ್ಲ. ಎಂಟನೆಯ ಶತಮಾನದಿಂದ ಹತ್ತನೆಯ ಶತಮಾನದ ಮಧ್ಯದವರೆಗೆ ಈ ಹೆಸರುಗಳ ಸಾಲು ತುಂಡಾಗದೆ ಬಂದಿದೆ ಎಂಬುದು ಮುಖ್ಯ. ಇವರು ಆಳಿದ ನಾಡಿಗೆ ನೊಳಂಬವಾಡಿ ಮೂವತ್ತೆರಡು ಸಾಸಿರ ಎಂಬ ಹೆಸರು ಬಂತು. ಇಂತಹ ಸಂಖ್ಯೆಗಳು ಊರುಗಳ ಲೆಕ್ಕವೋ ಹುಟ್ಟುವಳಿಯ ಲೆಕ್ಕವೋ ಎಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ, ಆದರೆ ಶಾಸನಗಳಲ್ಲಿ ಸಂಖ್ಯೆಯು ನಾಡಿನ ಹೆಸರಿನ ಭಾಗವೇ ಆಗಿಬಿಡುತ್ತದೆ. ಏಳಿಗೆಯ ಕಾಲದಲ್ಲಿ ಈ ನಾಡು ಚಿತ್ರದುರ್ಗ, ತುಮಕೂರು, ಕೋಲಾರ, ಬಳ್ಳಾರಿ, ಅನಂತಪುರ ಪ್ರದೇಶಗಳಿಗೆ ಹಬ್ಬಿ, ತೆಂಕಣ ತುದಿಯಲ್ಲಿ ತಮಿಳುನಾಡಿನ ಧರ್ಮಪುರಿಯನ್ನೂ ಮುಟ್ಟಿತ್ತು.

ಗಂಗರಿಗೂ ನೊಳಂಬರಿಗೂ ಮೊದಲಿನಿಂದ ಹಗೆ ಇತ್ತೆಂದು ಹೇಳಲಾಗದು. ಪೊಳಲ್ಚೋರನ ರಾಣಿ ಜಾಯಬ್ಬೆ ಗಂಗರ ಮನೆಯ ಹೆಣ್ಣು, ದೊರೆ ನೀತಿಮಾರ್ಗನ ತಂಗಿ. ಅವಳ ಮಗ ಮಹೇಂದ್ರನಿಂದ ನೊಳಂಬರ ಬಲ ಹೆಚ್ಚಿತು. ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿರುವ ಬೇಗೂರಿನ ಪ್ರಸಿದ್ಧ ವೀರಗಲ್ಲು, ಗಂಗ ಎರೆಯಪ್ಪನ ಅಪ್ಪಣೆಯಂತೆ ನಾಗತ್ತರನೆಂಬ ವೀರನು ನೊಳಂಬ ಅಯ್ಯಪದೇವನ ನೆರವಿಗೆ ಹೋಗಿ ತುಂಬೆಪಾಡಿಯ ಕಾಳಗದಲ್ಲಿ ಮಡಿದುದನ್ನು ಹೇಳುತ್ತದೆ. ಒಂದೆರಡು ತಲೆಮಾರಿನ ಹಿಂದೆ ನೊಳಂಬನಿಗಾಗಿ ಪ್ರಾಣ ಕೊಡಲು ತನ್ನ ಬಂಟನನ್ನು ಕಳಿಸಿದ ಮನೆತನವೇ ಮಾರಸಿಂಹನ ಕಾಲಕ್ಕೆ ನೊಳಂಬರ ಕುಲವನ್ನೇ ಮುಗಿಸಿದೆನೆಂದು ಹೇಳಿಕೊಂಡಿತು. ಇಬ್ಬರೂ ಮಾನ್ಯಖೇಟದ ರಾಷ್ಟ್ರಕೂಟರಿಗೆ ಸಾಮಂತರಾಗಿದ್ದರು, ಒಬ್ಬರ ಸೀಮೆ ಇನ್ನೊಬ್ಬರ ಬಾಗಿಲಿನಲ್ಲಿತ್ತು. ರಾಷ್ಟ್ರಕೂಟರ ಸಾರ್ವಭೌಮತ್ವ ಅಲುಗಾಡತೊಡಗಿದ ಹೊತ್ತಿನಲ್ಲಿ ನೆರೆಯ ಸಾಮಂತನೇ ಮೊದಲ ಶತ್ರುವಾಗಿ ಕಂಡರೆ ಆಶ್ಚರ್ಯವಿಲ್ಲ.

ಮರಣದ ಸುದ್ದಿಯನ್ನು ಹೇಳುವ ಪಠ್ಯಗಳಲ್ಲಿ ಎರಡು ಮುಖ್ಯವಾದವು, ಎರಡೂ ಗೆದ್ದವರ ಕಡೆಯವು. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲಿರುವ ಕೂಗೆ ಬ್ರಹ್ಮದೇವರ ಕಂಬದ ಶಾಸನವು ಮಾರಸಿಂಹನ ಸ್ಮಾರಕ. ಅವನ ಗೆಲವುಗಳನ್ನು ಒಂದೊಂದಾಗಿ ಎಣಿಸಿದ ಬಳಿಕ, ರಾಜ್ಯವನ್ನು ತ್ಯಜಿಸಿ ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಸಲ್ಲೇಖನ ವ್ರತದಿಂದ, ಎಂದರೆ ಅನ್ನಾಹಾರ ಬಿಟ್ಟು ಶಾಂತವಾಗಿ ದೇಹ ತೊರೆಯುವ ಜೈನ ಕ್ರಮದಿಂದ, ಅವನು ಮುಡಿಪಿದನೆಂದು ತಿಳಿಸುತ್ತದೆ. ಎರಡನೆಯದು ಅವನ ಮಂತ್ರಿಯೂ ದಂಡನಾಯಕನೂ ಆದ, ಮುಂದೆ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನು 978ರಲ್ಲಿ ಗದ್ಯದಲ್ಲಿ ರಚಿಸಿದ ಪುರಾಣ. ಗೋನೂರ ಬಯಲಿನಲ್ಲಿ ನೊಳಂಬರೊಡನೆ ಕಾದಿ ವೀರಮಾರ್ತಂಡನೆಂಬ ಬಿರುದು ಪಡೆದುದನ್ನೂ, ಉಚ್ಚಂಗಿಯ ಕೋಟೆಯಲ್ಲಿ ರಾಜಾದಿತ್ಯನೊಡನೆ ಹೋರಾಡಿ ರಣರಂಗಸಿಂಗನೆಂಬ ಇನ್ನೊಂದು ಬಿರುದು ಪಡೆದುದನ್ನೂ ಅದರಲ್ಲಿ ಹೇಳಿಕೊಂಡಿದ್ದಾನೆ. ಕದನ ನಡೆದದ್ದು, ನೊಳಂಬರು ಸೋತದ್ದು ಎರಡೂ ನಿಸ್ಸಂದೇಹ. ಆದರೆ ಸೋಲು ಬೇರೆ, ಕುಲನಾಶ ಬೇರೆ. ಮೊದಲನೆಯದಕ್ಕೆ ಮಾತ್ರ ಈ ಪಠ್ಯಗಳು ಸಾಕ್ಷಿಯಾಗಬಲ್ಲವು.

ಬಿರುದು ಎಂಬುದು ದಾಖಲೆಯಾಗಿ ಎಷ್ಟು ತೂಕದ್ದು ಎಂಬುದನ್ನು ಅಳೆಯಲು ನೊಳಂಬರ ಶಾಸನಗಳೇ ಸಹಾಯಕವಾಗುತ್ತವೆ. ಜಾಯಬ್ಬೆಯ ಮಗ ಮಹೇಂದ್ರನು ತಾನೇ ಸುಮಾರು ಒಂದು ಶತಮಾನದ ಹಿಂದೆ ಮಹಾಬಲಿಕುಲವಿಧ್ವಂಸಕನೆಂದು, ಅಂದರೆ ಬಲಿಚಕ್ರವರ್ತಿಯ ಸಂತತಿಯೆಂದು ಹೇಳಿಕೊಳ್ಳುತ್ತಿದ್ದ ಬಾಣರಸರ ವಂಶವನ್ನು ಧ್ವಂಸ ಮಾಡಿದವನೆಂದು ಹೊಗಳಿಸಿಕೊಂಡಿದ್ದನು. ಬಾಣರು ಆ ಹೊಗಳಿಕೆಯ ನಂತರವೂ ಶಾಸನಗಳಲ್ಲಿ ಮುಂದುವರಿದರು, ತಮಿಳು ಸೀಮೆಯಲ್ಲಿ ಅವರ ಹೆಸರು ಶತಮಾನಗಳವರೆಗೆ ಕೇಳಿಬಂತು. 940ರ ದೇವಳಿ ತಾಮ್ರಶಾಸನದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನು ಪಲ್ಲವ ಅಣ್ಣಿಗನನ್ನು ದೈನ್ಯಸ್ಥಿತಿಗೆ ಇಳಿಸಿದನೆಂಬ ಮಾತಿದೆ, ಅದರ ಬೆನ್ನಿಗೇ ಅಣ್ಣಿಗನ ತಮ್ಮ ದಿಲೀಪನು ಅದೇ ಕೃಷ್ಣನ ಸಾಮಂತನಾಗಿ ನೊಳಂಬವಾಡಿಯನ್ನು ಆಳುತ್ತಾನೆ. ಹೀಗೆ ಒಂದು ಕುಲವನ್ನು ಬೇರುಸಹಿತ ಕಿತ್ತೆನೆಂದು ಹೇಳುವುದು ಅಂದಿನ ಅರಮನೆಗಳ ಮಾತಿನ ರೂಢಿಯೇ ಆಗಿತ್ತು. ಕುಲಾಂತಕನೆಂಬ ಬಿರುದು ಯುದ್ಧದ ವರದಿಗಿಂತ ಹೆಚ್ಚಾಗಿ ಆಸ್ಥಾನದಲ್ಲಿ ಕೂಗಿಸಿಕೊಳ್ಳಲು ಮಾಡಿಸಿದ ಮಾತು.

ಇನ್ನು ಬದುಕಿರುವುದರ ಸುಳಿವುಗಳು. ಅವುಗಳಲ್ಲಿ ಎಲ್ಲಕ್ಕಿಂತ ಬಲವಾದದ್ದು ಹೆಸರುಗಳ ಮರಳುವಿಕೆ. 970ರ ದಶಕದ ಉತ್ತರಾರ್ಧಕ್ಕೂ ಅದರ ಆಚೀಚೆಗೂ ಸೇರಿದ ಶಾಸನಗಳಲ್ಲಿ ನನ್ನಿ ನೊಳಂಬ, ಪೊಳಲ್ಚೋರ, ವೀರ ಮಹೇಂದ್ರ ಎಂಬ ಅರಸರು ಕಾಣಿಸಿಕೊಳ್ಳುತ್ತಾರೆ. ಹನ್ನೊಂದನೆಯ ಶತಮಾನದ ಆರಂಭದಲ್ಲಿ ಇರಿವ ನೊಳಂಬ ಎಂಬ ಹೆಸರು ಮತ್ತೆ ಬರುತ್ತದೆ. ಅದು ಮಾರಸಿಂಹನ ಪೆಟ್ಟಿಗೆ ಮುಂಚೆ ಆಳಿದ ದಿಲೀಪನದೇ ಇನ್ನೊಂದು ಹೆಸರು. ನನ್ನಿ ಎಂದರೆ ಹಳಗನ್ನಡದಲ್ಲಿ ಸತ್ಯ, ಅಯ್ಯಪದೇವನ ನನ್ನಿಗ ಎಂಬ ಹೆಸರಿನಲ್ಲಿ ಅದೇ ಇದೆ. ಪೊಳಲ್ಚೋರ, ಮಹೇಂದ್ರ ಎಂಬವು ಹೇಮಾವತಿಯ ಕಂಬದಲ್ಲಿಯೇ ಇರುವ ಹೆಸರುಗಳು. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ಪದ್ಧತಿ ಈ ನಾಡಿನ ಅರಮನೆಯಲ್ಲಿಯೂ ಗುಡಿಸಲಿನಲ್ಲಿಯೂ ಒಂದೇ ಆಗಿತ್ತು. ಹೊರಗಿನವನೊಬ್ಬನು ಗೆದ್ದ ನಾಡಿನ ಬಿರುದನ್ನು ತೊಟ್ಟುಕೊಳ್ಳಬಹುದು, ನೊಳಂಬಾಧಿರಾಜನೆಂದು ಕರೆಸಿಕೊಳ್ಳಲೂಬಹುದು. ಆದರೆ ಪೊಳಲ್ಚೋರನೆಂಬ ಹೆಸರನ್ನು ತೊಟ್ಟಿಲಲ್ಲಿ ಪಡೆಯಬೇಕಾದರೆ ಆ ಮನೆಯಲ್ಲಿಯೇ ಹುಟ್ಟಿರಬೇಕು. ಬಿರುದು ಎರವಲಾಗಿ ಸಿಗುತ್ತದೆ, ಮನೆಯ ಹೆಸರು ಹಾಗೆ ಸಿಗುವುದಿಲ್ಲ. ಈ ಒಂದು ವ್ಯತ್ಯಾಸವನ್ನು ಕೈಯಲ್ಲಿ ಹಿಡಿದುಕೊಂಡರೆ ಮುಂದಿನ ಎರಡು ಶತಮಾನಗಳ ಗೊಂದಲವೆಲ್ಲ ತಕ್ಕಮಟ್ಟಿಗೆ ಬಿಡಿಸಿಕೊಳ್ಳುತ್ತದೆ.

ಎರಡನೆಯ ಸುಳಿವು ಹೆಸರಿನ ಮುಂದೆ ಸೇರುವ ಒಡೆಯನ ಬಿರುದು. 973ರಲ್ಲಿ ತೈಲಪನು ರಾಷ್ಟ್ರಕೂಟರನ್ನು ಕೆಡವಿ ಚಾಳುಕ್ಯರ ಆಳ್ವಿಕೆಯನ್ನು ಮತ್ತೆ ಸ್ಥಾಪಿಸಿದಾಗ, ತನ್ನ ಸೋದರಳಿಯನಾದ ರಾಷ್ಟ್ರಕೂಟ ನಾಲ್ಕನೆಯ ಇಂದ್ರನನ್ನು ಪಟ್ಟಕ್ಕೆ ತರಲು ಹೆಣಗಿ ಸೋತ ಮಾರಸಿಂಹನು ಮರುವರ್ಷವೇ ಬಂಕಾಪುರದಲ್ಲಿ ಕೊನೆಯುಸಿರೆಳೆದನು. ಗಂಗರು ಹಳೆಯ ಒಡೆಯನೊಂದಿಗೆ ಮುಳುಗಿದರು. ಗಂಗರಿಂದ ಪೆಟ್ಟು ತಿಂದ ನೊಳಂಬರು ಹೊಸ ಒಡೆಯನ ಕಡೆಗೆ ಸೇರಿದರು. ಸಾಮಂತನು ತನ್ನ ಹೆಸರಿನ ಮುಂದೆ ಸಾರ್ವಭೌಮನ ಬಿರುದನ್ನು ಇಟ್ಟುಕೊಳ್ಳುವುದು ಚಾಳುಕ್ಯರ ಕಾಲದ ವಾಡಿಕೆಯಾದ್ದರಿಂದ, ಆ ಬಿರುದೇ ಕಾಲಮಾನದ ಗುರುತಾಗುತ್ತದೆ: ಇಮ್ಮಡಿ ಜಯಸಿಂಹನ (ಆಳ್ವಿಕೆ 1015ರಿಂದ 1043) ಬಿರುದು ಜಗದೇಕಮಲ್ಲ, ಆದ್ದರಿಂದ ಜಗದೇಕಮಲ್ಲ ನೊಳಂಬ ಉದಯಾದಿತ್ಯನೂ ಜಗದೇಕಮಲ್ಲ ಇಮ್ಮಡಿ ನೊಳಂಬನೂ ಅವನ ಕಾಲದವರು, ಒಂದನೆಯ ಸೋಮೇಶ್ವರನ (1043ರಿಂದ 1068) ಬಿರುದು ತ್ರೈಲೋಕ್ಯಮಲ್ಲ, ಆದ್ದರಿಂದ ತ್ರೈಲೋಕ್ಯಮಲ್ಲ ನನ್ನಿ ನೊಳಂಬನು ಸೋಮೇಶ್ವರನ ಸಾಮಂತ. ತೇದಿ ಸವೆದು ಹೋದ ಕಲ್ಲಿನಲ್ಲಿಯೂ ಹೆಸರಿನ ಈ ಮೊದಲರ್ಧ ಉಳಿದಿದ್ದರೆ ಸಾಕು. ಇವರಿಗಿಂತ ಮೊದಲಿನ ಘಟೆಯಂಕಕಾರ ಇರಿವ ನೊಳಂಬನ (ಘಟೆಯೆಂದರೆ ಆನೆಗಳ ದಂಡು, ಅಂಕಕಾರನೆಂದರೆ ಪಣವಿಟ್ಟು ಕಾದುವ ಕಲಿ) ಕಾಲದಲ್ಲಿ ಚಾಳುಕ್ಯರ ಮನೆಯ ಹೆಣ್ಣು ನೊಳಂಬರ ಮನೆಗೆ ಸೊಸೆಯಾಗಿ ಬಂದಳು. ನಿರ್ನಾಮವಾದ ಮನೆಗೆ ಸಾರ್ವಭೌಮನ ಮನೆಯವರು ಹೆಣ್ಣು ಕೊಡುವುದಿಲ್ಲ.

ಇಲ್ಲಿ ಕಾವ್ಯವೂ ಚರಿತ್ರೆಯೂ ವಿಚಿತ್ರವಾಗಿ ಒಂದನ್ನೊಂದು ಮುಟ್ಟುತ್ತವೆ. ಮಾರಸಿಂಹನ ಅಂತ್ಯಕಾಲದಲ್ಲಿ ಜೊತೆಗಿದ್ದ ಅಜಿತಸೇನರೇ ರನ್ನನ ಗುರುಗಳು. ನೊಳಂಬರನ್ನು ಸೋಲಿಸಿದ ಚಾವುಂಡರಾಯನೇ ರನ್ನನಿಗೆ ಮೊದಲು ಆಶ್ರಯ ಕೊಟ್ಟವನು. ಅದೇ ರನ್ನ ಮುಂದೆ ತೈಲಪನ ಮಗ ಇರಿವಬೆಡಂಗ ಸತ್ಯಾಶ್ರಯನ ಆಸ್ಥಾನವನ್ನು ಸೇರಿ, ಅವನನ್ನು ಭೀಮನಿಗೆ ಹೋಲಿಸಿ, ಕಾಣೆಯಾದ ಶತ್ರುವನ್ನು ಸರೋವರದ ತಳದಿಂದ ಹೊರಗೆ ಕರೆದು ಕೊಲ್ಲುವ ಕಥೆಯನ್ನು ಕಾವ್ಯವಾಗಿಸಿದನು. ಮುಗಿದರೆಂದು ಹೇಳಲಾದ ನೊಳಂಬರು ಸತ್ಯಾಶ್ರಯನ ಕಾಲಕ್ಕೆ ಅದೇ ಚಾಳುಕ್ಯ ನೆರಳಿನಲ್ಲಿ ಉಸಿರಾಡುತ್ತಿದ್ದರು. ಇದಕ್ಕೂ ಆ ಕಥೆಯ ಆಯ್ಕೆಗೂ ಸಂಬಂಧ ಕಲ್ಪಿಸುವುದು ಅತಿಯಾದೀತು. ಗೆದ್ದವರ ಪರಂಪರೆಯಲ್ಲಿ ಓದಿ ಬೆಳೆದ ಕವಿಗೂ ಸೋತವರ ಉಳಿದ ಪೀಳಿಗೆಗೂ ಒಬ್ಬನೇ ಒಡೆಯನಾದನೆಂಬುದು ಆ ಕಾಲದ ರಾಜಕೀಯ ಎಷ್ಟು ಬೇಗ ಮಗ್ಗುಲು ಬದಲಿಸುತ್ತಿತ್ತೆಂಬುದನ್ನು ತೋರಿಸುತ್ತದೆ, ಅಷ್ಟೆ.

ಮೂರನೆಯ ಸುಳಿವು ಕಲ್ಲಿನದು. ಕಲ್ಯಾಣದುರ್ಗದ ಬಳಿಯ ಕಂಬದೂರು, ನೊಳಂಬರ ವಾಸ್ತುವನ್ನು ಅಭ್ಯಾಸ ಮಾಡುವವರು ಹೇಮಾವತಿಯ ಬಳಿಕ ನೋಡುವ ಊರು. ಅಲ್ಲಿನ ಮಲ್ಲಿಕಾರ್ಜುನ ದೇವಾಲಯವೂ ಅದರ ಜೊತೆಗಿರುವ ಹಳೆಯ ಗುಡಿಗಳೂ, ಅವುಗಳಲ್ಲಿ ಕೆಲವು ಒಮ್ಮೆ ಬಸದಿಗಳಾಗಿದ್ದುದರ ಗುರುತುಗಳೂ, ಈ ಒಣ ಸೀಮೆ ಒಂದು ಕಾಲಕ್ಕೆ ಶೈವರಿಗೂ ಜೈನರಿಗೂ ಸಮಾನವಾಗಿ ನೆಲೆ ಕೊಟ್ಟಿದ್ದುದನ್ನು ಹೇಳುತ್ತವೆ. ತಿಪಟೂರು ತಾಲೂಕಿನ ಅರಳಗುಪ್ಪೆಯ ಕಲ್ಲೇಶ್ವರ ದೇವಾಲಯದ ಚಾವಣಿಯಲ್ಲಿ ದಿಕ್ಪಾಲಕರ ನಡುವೆ ಕುಣಿಯುವ ಶಿವನಿದ್ದಾನೆ, ಕೋಲಾರದ ಆವಣಿಯಲ್ಲಿ ನೊಳಂಬ ರಾಣಿಯ ದೇವಾಲಯವಿದೆ; ಆದರೆ ಅವು ಬಹುತೇಕ ಮಾರಸಿಂಹನಿಗೆ ಹಿಂದಿನವು. ಮಾರಸಿಂಹನ ನಂತರ ಹೇಮಾವತಿಯ ಮಟ್ಟದ ಹೊಸ ಕೆಲಸ ಕಡಿಮೆ. ಮನೆತನ ಉಳಿದರೂ ಅದರ ಕೈಯ ಹಣವೂ ಕುಶಲಕರ್ಮಿಗಳೂ ಉಳಿಯಲಿಲ್ಲವೆಂದು ಇದರಿಂದ ಊಹಿಸಬಹುದು. ಬದುಕಿ ಬಂದವರು ಮೊದಲಿನವರಂತೆ ಇರಲಿಲ್ಲ.

ಅದಕ್ಕೆ ಗಂಗರೊಬ್ಬರೇ ಕಾರಣರಲ್ಲ. ಚೋಳ ರಾಜರಾಜನು (985ರಿಂದ 1014) ಗೆದ್ದ ನಾಡುಗಳ ಪಟ್ಟಿಯಲ್ಲಿ ಗಂಗಪಾಡಿ, ತಡಿಗೈಪಾಡಿಗಳೊಡನೆ ನುಳಂಬಪಾಡಿಯೂ ಇದೆ. ಗಂಗರ ತಲಕಾಡು ಚೋಳರ ವಶವಾಗಿ, ಕುಲಾಂತಕನ ಸ್ವಂತ ಮನೆತನವು ಅವನು ಸತ್ತ ಮೂವತ್ತು ವರ್ಷಗಳೊಳಗೆ ಆಳುವ ಮನೆತನವಾಗಿ ಉಳಿಯಲಿಲ್ಲ. ಶಿವಮೊಗ್ಗದ ಕಡೆಯ ಮಂಡಲಿನಾಡಿನಲ್ಲಿ ಗಂಗರ ಹೆಸರಿನ ಸಣ್ಣ ಅರಸರು ಮಾತ್ರ ಮುಂದುವರಿದರು. ಚೋಳರು ತಮ್ಮ ಹಿಡಿತಕ್ಕೆ ಬಂದ ನೊಳಂಬವಾಡಿಯ ಭಾಗಕ್ಕೆ ನಿಗರಿಲಿ ಚೋಳಮಂಡಲವೆಂದು ಹೊಸ ಹೆಸರಿಟ್ಟರು. ತಂಜಾವೂರಿನ ಸಮೀಪದ ತಿರುವೈಯಾರಿನ ಪಂಚನದೀಶ್ವರ ದೇವಾಲಯದ ಆವರಣದಲ್ಲಿ, ಚೋಳರ ಶೈಲಿಗೆ ಸ್ವಲ್ಪವೂ ಹೊಂದದ, ಹೇಮಾವತಿಯ ನಯಗಾರಿಕೆಯ ಕಂಬಗಳು ನಿಂತಿವೆ. ಹೆಂಜೇರಿನಿಂದ ಗೆಲವಿನ ಗುರುತಾಗಿ ಕಿತ್ತು ಸಾಗಿಸಿದವೆಂದು ಕಲಾಚರಿತ್ರಕಾರರು ತೀರ್ಮಾನಿಸಿದ್ದಾರೆ. ಮಾರಸಿಂಹನು ಬಿರುದು ಒಯ್ದನು, ಚೋಳರು ಕಂಬಗಳನ್ನೇ ಒಯ್ದರು. ನೊಳಂಬರಿಗೆ ಹೆಚ್ಚಿನ ನಷ್ಟ ಮಾಡಿದ್ದು ಎರಡನೆಯದು.

ಎರಡನೆಯ ಮರಣದ ಸುದ್ದಿಯೂ ಚೋಳರ ಕಡೆಯಿಂದಲೇ ಬರುತ್ತದೆ. 1054ರಲ್ಲಿ ಕೊಪ್ಪಂ ಎಂಬಲ್ಲಿ ಚೋಳರಿಗೂ ಒಂದನೆಯ ಸೋಮೇಶ್ವರನಿಗೂ ನಡೆದ ಮಹಾಯುದ್ಧದಲ್ಲಿ ಚೋಳ ರಾಜಾಧಿರಾಜನು ಆನೆಯ ಮೇಲೆಯೇ ಮಡಿದನು; ಅವನ ತಮ್ಮ ಇಮ್ಮಡಿ ರಾಜೇಂದ್ರನು ರಣರಂಗದಲ್ಲಿಯೇ ಪಟ್ಟ ಕಟ್ಟಿಕೊಂಡು ದಿನವನ್ನು ಗೆದ್ದನೆಂದು ಅವನ ಮೆಯ್ಕೀರ್ತಿ, ಎಂದರೆ ತಮಿಳು ಶಾಸನಗಳ ಆರಂಭದಲ್ಲಿ ಬರುವ ಅಧಿಕೃತ ಪರಾಕ್ರಮವರ್ಣನೆ, ಹೇಳಿಕೊಳ್ಳುತ್ತದೆ. ಅಂದು ಬಿದ್ದ ಚಾಳುಕ್ಯ ಪಕ್ಷದ ನಾಯಕರ ಹೆಸರುಗಳನ್ನು ಅದು ಪಟ್ಟಿ ಮಾಡುತ್ತದೆ. ಆ ಪಟ್ಟಿಯಲ್ಲಿ ನನ್ನಿ ನುಳಂಬನೂ ಒಬ್ಬ. ಇದೂ ಶತ್ರುವಿನ ಪಠ್ಯವೇ, ಇದರಲ್ಲಿಯೂ ಉತ್ಪ್ರೇಕ್ಷೆಗೆ ಕೊರತೆಯಿಲ್ಲ, ಆದ್ದರಿಂದ ಮಾರಸಿಂಹನ ಬಿರುದಿಗೆ ತೋರಿದ ಸಂಶಯವನ್ನು ಇದಕ್ಕೂ ತೋರಿಸಬೇಕಾದದ್ದು ನ್ಯಾಯ. ಆದರೂ ಎರಡರಲ್ಲಿ ಒಂದು ಅಂತರವಿದೆ: ಮೊದಲನೆಯದು ಯಾರ ಹೆಸರನ್ನೂ ಹೇಳದೆ ಒಂದು ಕುಲ ಮುಗಿಯಿತೆನ್ನುತ್ತದೆ, ಎರಡನೆಯದು ಕುಲದ ವಿಷಯವೆತ್ತದೆ ಒಬ್ಬನ ಹೆಸರನ್ನು ಹೇಳುತ್ತದೆ. ದೊಡ್ಡ ಮಾತಿಗಿಂತ ಸಣ್ಣ ಮಾತು ನಂಬಿಕೆಗೆ ಹೆಚ್ಚು ಅರ್ಹ. ಅದಕ್ಕೂ ಮಿಗಿಲಾಗಿ, ಈ ಸಲ ಸುದ್ದಿಯನ್ನು ಪರೀಕ್ಷಿಸಲು ಕನ್ನಡ ಶಾಸನಗಳ ಕಡೆಗೆ ತಿರುಗಿದಾಗ ಅವು ಹಿಂದಿನಂತೆ ಅಲ್ಲಗಳೆಯುವುದಿಲ್ಲ.

1054ರ ನಂತರವೂ ನೊಳಂಬ ಎಂಬ ಹೆಸರು ಶಾಸನಗಳಿಂದ ಮಾಯವಾಗುವುದಿಲ್ಲ, ಮೊದಲಿಗಿಂತ ಹೆಚ್ಚು ಆಡಂಬರದಿಂದಲೇ ಬರುತ್ತದೆ. ಅವಸರದ ಓದಿಗೆ ವಂಶ ಇನ್ನೂ ಏಳಿಗೆಯಲ್ಲಿದೆ ಎಂದೇ ತೋರುತ್ತದೆ. ಆದರೆ ಅದನ್ನು ಹೊತ್ತವರನ್ನು ನೋಡಿದರೆ ವಿಷಯ ಬೇರೆಯಾಗುತ್ತದೆ. ಸೋಮೇಶ್ವರನ ಮಗ ವಿಷ್ಣುವರ್ಧನ ವಿಜಯಾದಿತ್ಯನು ಕಂಪಿಲಿಯಿಂದ ನೊಳಂಬವಾಡಿಯನ್ನು ಆಳುತ್ತಾನೆ. ಇನ್ನೊಬ್ಬ ಮಗ ಜಯಸಿಂಹನು ತ್ರೈಲೋಕ್ಯಮಲ್ಲ ವೀರ ನೊಳಂಬ ಪಲ್ಲವ ಪೆರ್ಮಾನಡಿ ಎಂಬ ಉದ್ದನೆಯ ಬಿರುದನ್ನು ಧರಿಸುತ್ತಾನೆ. ಅಣ್ಣ ಆರನೆಯ ವಿಕ್ರಮಾದಿತ್ಯನ ಮೇಲೆ ದಂಗೆಯೆದ್ದು ಸೋತ ಈ ಜಯಸಿಂಹನ ಕಥೆ ಬಿಲ್ಹಣನ ವಿಕ್ರಮಾಂಕದೇವಚರಿತದಲ್ಲಿ ಬರುತ್ತದೆ. ವಿಕ್ರಮಾದಿತ್ಯನೇ ಯುವರಾಜನಾಗಿದ್ದಾಗ ಗಂಗ ಪೆರ್ಮಾನಡಿಯೆಂದು ಕರೆಸಿಕೊಂಡಿದ್ದನು. ಗಂಗ, ನೊಳಂಬ ಎಂಬ ಹಳೆಯ ವೈರಿಗಳ ಬಿರುದುಗಳೆರಡೂ ಒಂದೇ ಮನೆಯ ಇಬ್ಬರು ಅಣ್ಣತಮ್ಮಂದಿರಿಗೆ ಹಂಚಿಹೋದವು. ಪೊಳಲ್ಚೋರ, ಮಹೇಂದ್ರ, ಇರಿವ, ನನ್ನಿ ಎಂಬ ಮನೆಯ ಹೆಸರುಗಳು ಈ ಹೊತ್ತಿಗೆ ನೊಳಂಬವಾಡಿಯ ಆಳುವವರ ಸಾಲಿನಿಂದ ಹೊರಬಿದ್ದಿವೆ. ಉಳಿದದ್ದು ನಾಡಿನ ಹೆಸರೂ ಅದಕ್ಕೆ ಅಂಟಿದ ಬಿರುದೂ. ವಾರಸುದಾರನೊಬ್ಬ ಬಲವಾಗಿ ಕುಳಿತಿದ್ದರೆ ಚಾಳುಕ್ಯರ ಮಕ್ಕಳು ಆ ಬಿರುದನ್ನು ತೊಡುವ ಪ್ರಮೇಯ ಬರುತ್ತಿರಲಿಲ್ಲ. 974ರ ಬಳಿಕ ಗದ್ದಲದ ಘೋಷಣೆಯ ಕೆಳಗೆ ವಂಶ ಬದುಕಿತ್ತು, 1054ರ ಬಳಿಕ ಮೆರೆಯುವ ಹೆಸರಿನ ಕೆಳಗೆ ವಂಶವೇ ಕಾಣುವುದಿಲ್ಲ.

ಆ ಮೇಲಿನ ಕಥೆಯನ್ನು ಚುರುಕಾಗಿ ಹೇಳಿಬಿಡಬಹುದು. ಹನ್ನೆರಡನೆಯ ಶತಮಾನದಲ್ಲಿ ನೊಳಂಬವಾಡಿ ಮೂವತ್ತೆರಡು ಸಾಸಿರವನ್ನು ಆಳಿದವರು ಉಚ್ಚಂಗಿಯ ಪಾಂಡ್ಯರು. ಹೊಯ್ಸಳ ವಿಷ್ಣುವರ್ಧನನು ತಲಕಾಡು, ಗಂಗವಾಡಿಗಳ ಜೊತೆಗೆ ನೊಳಂಬವಾಡಿಯನ್ನೂ ಗೆದ್ದವನೆಂದು ಬಿರುದು ತಳೆದನು. ಹೆಂಜೇರು ನಿಡುಗಲ್ಲಿನ ಚೋಳರ ಪಟ್ಟಣಗಳಲ್ಲೊಂದಾಯಿತು. ಕಾವೇರಿಯ ಮುಖಜಭೂಮಿಯನ್ನು ಕಣ್ಣಾರೆ ಕಂಡಿರದಿದ್ದರೂ ಇರಬಹುದಾದ ಈ ಅರಸರು ಕರಿಕಾಲನ ಸಂತತಿಯೆಂದೂ ಒರೆಯೂರಿನ ಒಡೆಯರೆಂದೂ ತಮ್ಮ ಶಾಸನಗಳಲ್ಲಿ ಹೇಳಿಕೊಂಡರು. ಹೀಗೆ ಪಲ್ಲವರೆನ್ನಿಸಿಕೊಂಡವರ ರಾಜಧಾನಿಯಲ್ಲಿ ಚೋಳರೆನ್ನಿಸಿಕೊಂಡವರೂ, ಅವರ ಇನ್ನೊಂದು ಕೋಟೆಯಲ್ಲಿ ಪಾಂಡ್ಯರೆನ್ನಿಸಿಕೊಂಡವರೂ ಕುಳಿತು, ತಮಿಳುನಾಡಿನ ಮೂರು ಮಹಾವಂಶಗಳ ಹೆಸರುಗಳು ಕನ್ನಡ ಲಿಪಿಯ ಕಲ್ಲುಗಳ ಮೇಲೆ ಅಕ್ಕಪಕ್ಕಕ್ಕೆ ಬಂದವು. ತುಮಕೂರು ಕಡೆಯ ನೊಣಬ ಒಕ್ಕಲಿನ ಸಮುದಾಯವನ್ನು ಬಿ. ಎಲ್. ರೈಸ್ ಹಳೆಯ ನೊಳಂಬವಾಡಿಯ ಪ್ರಜೆಗಳ ಪೀಳಿಗೆಯೆಂದು ಗುರುತಿಸಿದನು. ಅರಸರ ಹೆಸರು ಅರಸರ ಮನೆಯಲ್ಲಿ ಅಳಿದು ಉಳುವವರ ಮನೆಯಲ್ಲಿ ಉಳಿದಿರುವುದಕ್ಕೆ ಅದೊಂದು ಒಳ್ಳೆಯ ನಿದರ್ಶನ.

ಈ ಸುಳಿವುಗಳನ್ನು ಒಂದೆಡೆ ತರುವುದು ಬಹುಕಾಲ ಕಷ್ಟವಾದದ್ದಕ್ಕೆ ಇಪ್ಪತ್ತನೆಯ ಶತಮಾನದ ಗಡಿಗಳೂ ಕಾರಣ. ರೈಸ್ ಮೈಸೂರು ಸಂಸ್ಥಾನಕ್ಕಾಗಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ ಕೋಲಾರ, ತುಮಕೂರು ಸಂಪುಟಗಳಲ್ಲಿ ನೊಳಂಬರ ಒಂದು ಪಾಲು ಶಾಸನಗಳಿವೆ. ಅನಂತಪುರದ ಕಡೆಯವು 1939ರಲ್ಲಿ ಬಂದ ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ ಮಾಲೆಯ ಒಂಬತ್ತನೆಯ ಸಂಪುಟದಲ್ಲಿ, ಮದರಾಸು ಪ್ರಾಂತ್ಯದ ಕನ್ನಡ ಶಾಸನಗಳೆಂಬ ಹೆಸರಿನಲ್ಲಿ ಸೇರಿದವು. ಧರ್ಮಪುರಿಯವು ತಮಿಳು ಸಂಗ್ರಹಗಳ ಪಾಲಾದವು. 1953ರಲ್ಲಿ ಆಂಧ್ರ ರಾಜ್ಯವಾದಾಗ ಬಳ್ಳಾರಿ ಜಿಲ್ಲೆಯೇ ಒಡೆದು ಬಳ್ಳಾರಿ ಮೈಸೂರಿಗೂ, ರಾಯದುರ್ಗ ಆಂಧ್ರಕ್ಕೂ ಹೋದ ಮೇಲೆ, ಒಂದೇ ಅರಸನ ಎರಡು ಕಲ್ಲುಗಳು ಎರಡು ರಾಜ್ಯಗಳ ಪುರಾತತ್ತ್ವ ಇಲಾಖೆಗಳ ಕಡತಗಳಲ್ಲಿ ಬೇರೆಬೇರೆಯಾಗಿ ಕುಳಿತವು. ಎಂ. ಎಸ್. ಕೃಷ್ಣಮೂರ್ತಿಯವರು 1980ರಲ್ಲಿ ನೊಳಂಬರ ರಾಜಕೀಯ ಮತ್ತು ಸಾಂಸ್ಕೃತಿಕ ಅಧ್ಯಯನವನ್ನು ಪ್ರಕಟಿಸಿ ಈ ಚೂರುಗಳನ್ನು ಒಂದು ಸಾಲಿಗೆ ತಂದರು. ಆಂಡ್ರೂ ಕೋಹೆನ್ 1998ರ ಪುಸ್ತಕದಲ್ಲಿ ದೇವಾಲಯಗಳಿಗೆ ಅದೇ ಕೆಲಸ ಮಾಡಿದರು. ಮಡಕಶಿರಾ, ಅಮರಾಪುರಂ, ರೊಳ್ಳ, ಕುಂದುರ್ಪಿಗಳ ಹಳ್ಳಿಗಳಲ್ಲಿ ಮನೆಮಾತು ಕನ್ನಡವಾಗಿರುವ ಕುಟುಂಬಗಳು ಇಂದಿಗೂ ಬಹಳವಿದ್ದು, ಗುಡಿಯ ಮುಂದಿನ ಕಲ್ಲಿನ ಮೇಲಿರುವುದು ತಮ್ಮದೇ ಭಾಷೆಯ ಹಳೆಯ ರೂಪವೆಂದು ಅವರಿಗೆ ತಿಳಿದಿದೆ. ಅದನ್ನು ಓದಲು ಬೇಕಾದ ಹಳಗನ್ನಡವನ್ನು ಕಲಿಯುವ ದಾರಿ ಮಾತ್ರ ಗಡಿಯ ಆಚೆ ಇದೆ.